ನನ್ನ ಹಿಮ್ಮಡಿ ಮತ್ತು ಜಗಳೂರಿನ ಬೀಗರು

ನನಗೆ ಅವಮಾನಗಳು ಸಾಮಾನ್ಯವಾಗಿ ಕಾಲಿನ ಕಡೆಯಿಂದ ಬರುತ್ತವೆ. ಸೆಗಣಿ ಮೆಟ್ಟುವುದು, ಬಸ್ ಸ್ಟ್ಯಾಂಡಿನ ನಡುವೆ ಚಪ್ಪಲಿ ಕಿತ್ತುಹೋಗುವುದು, ಮದುವೆಮನೆಯಿಂದ ಬೇರೆಯವರ ಜೋಡು ಮೆಟ್ಟಿಕೊಂಡು ಬಂದು ಸಿಕ್ಕಿಬೀಳುವುದು, ಇವೆಲ್ಲ ನಡೆಯುತ್ತಲೇ ಇರುತ್ತವೆ. ಈ ವರ್ಷ ಹಿಮ್ಮಡಿಯ ಸರದಿ ಬಂತು.

ಮಗಳಿಗೆ ಜಗಳೂರಿನ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ಪಶುವೈದ್ಯ. ಫೋಟೋ ನೋಡಿ ಮಗಳು, "ಪರವಾಗಿಲ್ಲ" ಎಂದಳು. ಆಕೆಯ ಬಾಯಿಂದ ಇಂಥ ಹೊಗಳಿಕೆ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ ಈ ಸಂಬಂಧ ಕೈತಪ್ಪಬಾರದು ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ಎರಡು ತಿಂಗಳು ಬಿಟ್ಟು ಅವರು ನಮ್ಮ ಹೊನ್ನಾಳಿಗೆ ಹೆಣ್ಣು ನೋಡಲು ಬರುವವರಿದ್ದರು. ಹುಡುಗನ ತಂದೆಯ ಫೋಟೋವನ್ನೂ ನನ್ನ ಹೊಟ್ಟೆಯನ್ನೂ ಒಂದಾದ ಮೇಲೊಂದರಂತೆ ನೋಡಿದ ಹೆಂಡತಿ, "ಬೀಗರು ಹೆಂಗೆ ಕಡ್ಡಿ ಇದ್ದಂಗೆ ಅದಾರೆ ನೋಡ್ರಿ. ನೀವು ಪಕ್ಕದಾಗೆ ಕುಂತ್ರೆ ಅವರಿಗೆ ಸೋಫಾದಾಗೆ ಜಾಗ ಎಲ್ಲೈತೆ?" ಎಂದಳು.

ಅವತ್ತು ಸಂಜೆಯೇ ಓಡುವ ಶೂ ತಂದೆ.

ಓಟ

ಕಾಲೇಜು ಬಿಟ್ಟ ಮೇಲೆ ನಾನು ಬಸ್ಸಿನ ಹಿಂದೆ ಬಿಟ್ಟರೆ ಬೇರೆ ಯಾವುದಕ್ಕೂ ಓಡಿದವನಲ್ಲ. ಆದರೂ ಮೊದಲ ಬೆಳಗ್ಗೆಯೇ ನ್ಯಾಮತಿ ರಸ್ತೆಯಲ್ಲಿ ಕಣ್ಣಿಗೆ ಕತ್ತಲೆ ಬರುವವರೆಗೂ ಓಡಿದೆ. ಹಾಲಿನ ಗಾಡಿಯವನೊಬ್ಬ ಪಕ್ಕದಲ್ಲಿ ನಿಧಾನ ಮಾಡಿ, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾ ಅದಾರೇನ್ರಿ ಸಾರ್?" ಎಂದು ಕೇಳಿದ.

"ಇಲ್ಲಪ್ಪ, ಆರೋಗ್ಯಕ್ಕೆ ಓಡ್ತಿದೀನಿ."

ಅವನು ನನ್ನ ಮುಖವನ್ನೇ ನೋಡಿದ. "ಹತ್ರಿ, ಆಸ್ಪತ್ರೆ ತಾವ ಬಿಡ್ತೀನಿ."

ಒದೆ

ವಾರದೊಳಗೆ ಹಿಮ್ಮಡಿ ಹಿಡಿಯಿತು. ಬೆಳಗ್ಗೆ ಎದ್ದು ಮಂಚದಿಂದ ಕಾಲಿಳಿಸಿದರೆ ಮೊಳೆ ಚುಚ್ಚಿದ ಹಾಗೆ. ಸ್ವಲ್ಪ ಓಡಾಡಿದರೆ ಕಡಿಮೆಯಾಗುತ್ತಿತ್ತು, ಕುಳಿತು ಎದ್ದರೆ ಮತ್ತೆ ಅದೇ ಮೊಳೆ. ನಾನು ಕಚೇರಿಗೆ ಕುಂಟುತ್ತ ಹೋದೆ.

ನಮ್ಮ ಕಡೆ ಉಳುಕಿಗೆ ಒಂದು ಮದ್ದಿದೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು. ಕಚೇರಿಯಲ್ಲಿ ಹಾಗೆ ಹುಟ್ಟಿದ ಗುಮಾಸ್ತನೊಬ್ಬ ಇದ್ದ. ಹಿಂದಿನ ವಾರವಷ್ಟೇ ನಾನು ಅವನಿಗೆ ರಜೆ ಕೊಟ್ಟಿರಲಿಲ್ಲ.

"ನೋವು ಹಿಮ್ಮಡಿಯಲ್ಲಲ್ವಾ? ಅಲ್ಲಿಗೇ ಮೆತ್ತಗೆ ತಾಗಿಸಪ್ಪ" ಎಂದೆ.

"ಇಲ್ರೀ ಸಾರ್, ಇದರ ಬೇರು ಸೊಂಟದಾಗೆ ಐತೆ. ಬಗ್ಗಿ ನಿಂತ್ಕಳ್ರಿ" ಎಂದ.

ಅವನು ಶ್ರದ್ಧೆಯಿಂದ ಒದ್ದ. ಇಡೀ ಕಚೇರಿ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡಿತು. ಹಿಮ್ಮಡಿ ಹಾಗೆಯೇ ಇತ್ತು, ಜೊತೆಗೆ ಸೊಂಟವೂ ಸೇರಿಕೊಂಡಿತು. ಮಾರನೆಯ ದಿನ ಬಡ್ತಿ ಸಿಗದ ಇನ್ನೂ ಮೂವರು, ತಾವೂ ಕಾಲು ಮುಂದಾಗಿಯೇ ಹುಟ್ಟಿದ್ದು, ಸಂಕೋಚದಿಂದ ಹೇಳಿರಲಿಲ್ಲ ಎಂದು ಬಂದರು.

ಶೂವಿನ ಸಾಕ್ಷಿ

ಚನ್ನಗಿರಿಗೆ ವಾರಕ್ಕೊಮ್ಮೆ ಕಾಲಿನ ಡಾಕ್ಟರೊಬ್ಬರು ಬರುತ್ತಾರೆ, ಮಗಳ ವಯಸ್ಸಿನ ಹೆಣ್ಣುಮಗಳು. ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಡಾಕ್ಟರು ಹಿಮ್ಮಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕೂಗಿದೆ.

"ಹಿಮ್ಮಡಿಯಿಂದ ಬೆರಳವರೆಗೂ ಪಾದದ ಅಡಿಯಲ್ಲಿ ಒಂದು ಪಟ್ಟಿ ಇರುತ್ತೆ. ಅಭ್ಯಾಸ ಇಲ್ಲದೆ ಏಕದಂ ಓಡಿದ್ರೆ ಅದು ಜಗ್ಗಿ ನೋವು ಬರುತ್ತೆ. ಓಡೋ ಶೂ ತಂದಿದೀರಾ?"

ಬಾಗಿಲಾಚೆ ಬಿಟ್ಟಿದ್ದ ಶೂಗಳನ್ನು ಕೈಯಲ್ಲಿ ಹಿಡಿದು ತಂದೆ. ಅವರು ತಿರುಗಿಸಿ ಅಡಿಭಾಗ ನೋಡಿದರು.

"ದಿನಾ ಓಡ್ತೀರಾ?"

"ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ ಡಾಕ್ಟ್ರೇ" ಎಂದಳು ಹೆಂಡತಿ ಹೆಮ್ಮೆಯಿಂದ. "ನೋವಿದ್ರೂ ಕತ್ತಲಿದ್ದಂಗೆ ಎದ್ದು ಹೋಗ್ತಾರೆ."

"ಶೂವಿನ ಅಡಿ ಹೊಸದಾಗೇ ಇದೆಯಲ್ಲಮ್ಮ. ಎಡಗಾಲಿನ ಶೂ ಮಾತ್ರ ಹೆಬ್ಬೆರಳ ಮೇಲೆ ಸವೆದು ಕಪ್ಪಾಗಿದೆ. ಇದು ಬೈಕಿನ ಗೇರು ತಾಗಿ ಆಗಿರೋದು."

ಅಂದರೆ, ಹಿಮ್ಮಡಿ ಹಿಡಿದ ದಿನದಿಂದ ನಾನು ಶೂ ಹಾಕಿಕೊಂಡು ಬೈಕಿನಲ್ಲಿ ನ್ಯಾಮತಿಯ ಹೋಟೆಲಿಗೆ ಹೋಗಿ ಇಡ್ಲಿ ವಡೆ ತಿಂದು ಬರುತ್ತಿದ್ದ ವಿಷಯ ಅಲ್ಲಿಗೆ ಬಯಲಾಯಿತು. ಹೊನ್ನಾಳಿ ಮುಟ್ಟುವವರೆಗೂ ನಾನು ಗೇರು ಬದಲಿಸಿದಾಗಲೆಲ್ಲ ಹೆಂಡತಿ ಹಿಂದಿನಿಂದ, "ಹ್ಞೂಂ" ಎನ್ನುತ್ತಿದ್ದಳು.

ಬಾಟಲಿ

ಡಾಕ್ಟರು ಹೇಳಿದ್ದು ಇಷ್ಟು: ಸದ್ಯ ಓಟ ಬೇಡ. ಗೋಡೆಗೆ ಕೈಕೊಟ್ಟು ನಿಂತು ಮೀನಖಂಡ ಹಿಗ್ಗಿಸಬೇಕು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಅಂಗಾಲಿನ ಅಡಿ ಉರುಳಿಸಬೇಕು. ಬರಿಗಾಲಲ್ಲಿ ಗಟ್ಟಿ ನೆಲ ತುಳಿಯಬಾರದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು.

ಮನೆಯೊಳಗೆ ಚಪ್ಪಲಿ ಎಂದದ್ದೇ ಅವ್ವ ಎದ್ದು ನಿಂತಳು. "ಸ್ವಾಮಿಗಳು ಬಂದಾಗ ಪಾದ ತೊಳೆದು ಪಾದೋದಕ ತಗಂಡಿರೋ ಮನೆ ಇದು. ನೀನು ನಡುಮನೆಯಾಗೆ ಜೋಡು ಮೆಟ್ಕೊಂಡು ಓಡಾಡ್ತೀಯೇನು? ಬೀಗರು ನೋಡಿದ್ರೆ ನಮ್ಮ ಸಂಸ್ಕಾರ ಎಂಥಾದ್ದು ಅಂದ್ಕಂತಾರೆ?"

ಹೊಸ ಚಪ್ಪಲಿ, ಬೀದಿ ಕಂಡಿಲ್ಲ ಎಂದು ವಾದಿಸಿದೆ. ಅವ್ವ ಕೊನೆಗೆ ಒಪ್ಪಿದಳು. ಆದರೆ ನಾನು ದೇವರಮನೆಯ ಮುಂದೆ ಹಾದುಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ದಾಟಬೇಕಿತ್ತು. ಬಚ್ಚಲಿಗೆ ಅದೊಂದೇ ದಾರಿ. ಬಾಟಲಿಗೆ ಯಾರ ಆಕ್ಷೇಪವೂ ಇರಲಿಲ್ಲ. ಹಸಿರು ಪ್ಲಾಸ್ಟಿಕ್ಕಿನದು, ನಡುವೆ ನನ್ನ ಹಿಮ್ಮಡಿಯ ಅಳತೆಗೆ ತಗ್ಗುಬಿದ್ದಿತ್ತು.

ಹೆಣ್ಣು ನೋಡಿದ್ದು

ಬೀಗರು ಬಂದ ದಿನ ಅವ್ವ ಚಪ್ಪಲಿ ಬಚ್ಚಿಟ್ಟಳು. ಐಸ್‌ಕ್ರೀಮಿಗೆ ಜಾಗ ಮಾಡಲು ಹೆಂಡತಿ ಹಿಂದಿನ ರಾತ್ರಿಯೇ ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದಳು. ಹುಡುಗ, ಅವನ ತಂದೆ ತಾಯಿ ಮತ್ತು ಸೊಕ್ಕೆ ಗ್ರಾಮದಿಂದ ಬಂದ ಅವನ ಅಜ್ಜಿ ಸೋಫಾ ಸರಿಸಿ ಹಾಸಿದ್ದ ಜಮಖಾನದ ಮೇಲೆ ಕುಳಿತರು. ಬಿಸಿಲಲ್ಲಿ ಬಂದಿದ್ದ ಹುಡುಗನ ತಂದೆ ನೀರು ಕೇಳಿದರು. ಏನೂ ತಿಳಿಯದ ನನ್ನ ಭಾವಮೈದ ಒಳಗೆ ಹೋಗಿ ಬಾಟಲಿಯೊಂದನ್ನು ತಂದುಕೊಟ್ಟ. ಹಸಿರು ಬಾಟಲಿ.

"ಭಾಳ ತಣ್ಣಗೈತ್ರಿ" ಎಂದು ಬೀಗರು ಎತ್ತಿ ಗಟಗಟ ಕುಡಿದರು. ನಾನು ತಡೆಯಬಹುದಿತ್ತು. ಆದರೆ ಏನೆಂದು ಹೇಳಿ ತಡೆಯುವುದು?

ಆ ಗಾಬರಿಯಲ್ಲಿ ತಾಂಬೂಲದ ತಟ್ಟೆ ತರುವ ನೆಪದಿಂದ ಎದ್ದೆ. ಬಹಳ ಹೊತ್ತು ಕುಳಿತಿದ್ದ ಕಾಲು. ಮೊದಲ ಹೆಜ್ಜೆಗೇ ಗೋಡೆ ಹಿಡಿದೆ.

ಅಜ್ಜಿ ಕಣ್ಣು ಕಿರಿದು ಮಾಡಿ, "ಹುಡುಗಿ ಅಪ್ಪಗೆ ಹುಟ್ಟಿದಾಗಿಂದ್ಲೂ ಹಿಂಗೇನು?" ಎಂದು ಕೇಳಿದಳು.

"ಇಲ್ಲಮ್ಮ, ಓಡಿ ಹಿಂಗಾಗೈತೆ."

ಅಜ್ಜಿ ನನ್ನ ಹೊಟ್ಟೆ ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ. "ಮನೆತನದಾಗೆ ಏನೈತೋ ಏನೋ. ಹುಡುಗಿ ನಾಕು ಹೆಜ್ಜೆ ನಡೀಲಿ, ನೋಡಾನ."

ನನ್ನ ಹಿಮ್ಮಡಿಯಿಂದ ಮಗಳ ಸಂಬಂಧ ಮುರಿಯುತ್ತದೆ ಎಂದು ತಲೆ ತಗ್ಗಿಸಿದೆ. ಮಗಳು ಸುಮ್ಮನೆ ಎದ್ದು ಬಾಗಿಲವರೆಗೂ ನಡೆದು ವಾಪಸ್ಸು ಬಂದಳು.

"ಅಜ್ಜಿ, ನಂದಾಯ್ತು. ಈಗ ಅವರೂ ನಡೀಲಿ."

ಹುಡುಗ ಎದ್ದ. ಒಂದು ಹೆಜ್ಜೆ ಇಟ್ಟು, ಹಲ್ಲು ಕಚ್ಚಿ, ನಾನು ಹಿಡಿದಿದ್ದ ಗೋಡೆಯನ್ನೇ ಹಿಡಿದ. ಅವನ ತಾಯಿ ಸೆರಗಿನ ಅಂಚು ನೋಡುತ್ತ, "ಹುಡುಗಿ ನೋಡಾಕೆ ಹೋಗೋದ್ರಾಗೆ ಹೊಟ್ಟೆ ಕರಗಿಸ್ಬೇಕು ಅಂತ ತಿಂಗಳಿಂದ ಓಡ್ತಾ ಇದ್ದ" ಎಂದರು.

"ಬೆಳಗ್ಗೆ ಎದ್ದು ಕಾಲಿಟ್ರೆ ಮೊಳೆ ಚುಚ್ಚಿದಂಗೆ ಆಗುತ್ತಾ?" ಎಂದು ಮಗಳು ಕೇಳಿದಳು.

"ಹೌದು. ಕುರಿಗೆ ಆಗಿದ್ರೆ ನಂಗೆ ಏನಂತ ಗೊತ್ತಾಗ್ತಿತ್ತು" ಎಂದ ಪಶುವೈದ್ಯ.

ಮಗಳು ನಕ್ಕಳು. ನಕ್ಕ ಹುರುಪಿನಲ್ಲಿ ಒಳಗೆ ತಿರುಗಿ, "ಅಮ್ಮಾ, ಅಪ್ಪ ಕಾಲಿಗೆ ಉಜ್ಜೋ ಹಸಿರು ಬಾಟ್ಲಿ ತಗಂಬಾ" ಎಂದಳು.

ಎಲ್ಲರ ಕಣ್ಣು ಬೀಗರ ಕೈಯ ಮೇಲೆ ಹೋಯಿತು. ಭಾವಮೈದ ಅಂಗಳದಲ್ಲಿ ಏನೋ ಕೆಲಸವಿದೆ ಎಂದು ಎದ್ದುಹೋದ. ಬೀಗರು ಬಾಟಲಿಯನ್ನು ತಿರುಗಿಸಿ ತಗ್ಗು ನೋಡಿದರು, ಆಮೇಲೆ ನನ್ನ ಹಿಮ್ಮಡಿ ನೋಡಿದರು.

"ನೀರು ಒಳಗೇ ಇತ್ರೀ, ಕಾಲು ಹೊರಗಿತ್ತು" ಎಂದೆ. ಬೇರೇನೂ ಹೊಳೆಯಲಿಲ್ಲ.

ಅವರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಅಜ್ಜಿಯ ಕಡೆ ತಿರುಗಿದರು. "ಅವ್ವಾ, ಬೀಗರ ಪಾದೋದಕ ಕುಡಿದಾಗೈತೆ. ಇನ್ನು ಒಲ್ಲೆ ಅನ್ನಾಕೆ ಬರಲ್ಲ. ತಾಂಬೂಲ ತರಾಕೆ ಹೇಳು."