ಕೂಸಿನ ಮನೆಗೆ ಉಗಾಂಡಾ ಡಾಕ್ಟರಮ್ಮ

ಐದು ವರ್ಷದೊಳಗಿನ ಮಕ್ಕಳ ಹಿಂಡು ಕಾಯುವವರಿಗೆ ಮಾನ ಉಳಿಸಿಕೊಂಡು ಬದುಕುವ ಭಾಗ್ಯವಿಲ್ಲ. ದಿನಕ್ಕೊಂದು ಸಲವಾದರೂ ಅವು ನಮ್ಮನ್ನು ಪೇಚಿಗೆ ಸಿಕ್ಕಿಸಿಯೇ ತೀರುತ್ತವೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹುದಿಕೇರಿ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಕೂಸಿನ ಮನೆಯ ಟೀಚರ್. ಅಮ್ಮಂದಿರು ಕಾಫಿ ಹಣ್ಣು ಕುಯ್ಯುವ ಪಿಕಿಂಗ್‌ಗೆ ಹೋದರೆ ಕೂಲಿ ಲೈನಿನ ಮಕ್ಕಳೆಲ್ಲ ನನ್ನ ಪಾಲು. ಆ ವರ್ಷ ಕಾಫಿ ಮೂಟೆ ಇಡಲು ಜಾಗ ಸಾಲದೆ ಸಾಹುಕಾರರ ಕಣ್ಣು ಕೂಸಿನ ಮನೆಯ ಮೇಲೆ ಬಿತ್ತು.

"ಉಗಾಂಡಾದಲ್ಲಿ ಪುಟ್ಟ ಮಕ್ಕಳ ಬುದ್ಧಿ ಬೆಳವಣಿಗೆ ಪರೀಕ್ಷೆ ಮಾಡಿದ ಡಾಕ್ಟರಮ್ಮ ಬರ್ತಾರೆ. ನಮ್ಮವರೇ, ಮೈಸೂರಿನವರು. ಇಲ್ಲಿನ ಮಕ್ಕಳು ಏನೂ ಕಲಿತಿಲ್ಲ ಅಂದ್ರೆ ಮಾರನೇ ದಿನವೇ ಬೀಗ" ಅಂದರು. ಆ ಕೆಲಸ ಬಿಟ್ಟರೆ ನನಗೆ ಬೇರೆ ಗತಿ ಇರಲಿಲ್ಲ.

ಹಸಿರು ತುಂಡು

ಡಾಕ್ಟರಮ್ಮ ಕೆಂಪು, ಹಸಿರು ಬಣ್ಣದ ಮರದ ತುಂಡುಗಳನ್ನು ಸುರಿದು, "ಒಂದರ ಮೇಲೊಂದು ಇಡಿ ಮರೀ. ಉಗಾಂಡಾದ ಮಕ್ಕಳು ಗೋಪುರ ಕಟ್ಟಿದ್ರು" ಅಂದರು.

ನಮ್ಮವು ಕೆಂಪನ್ನಷ್ಟೇ ಆರಿಸಿ ಮಡಿಲಿಗೆ ತುಂಬಿಕೊಂಡವು. ಡಾಕ್ಟರಮ್ಮ ಒಂದು ಹಸಿರು ತುಂಡು ಎತ್ತಿಕೊಟ್ಟರೆ, ಮೂರು ವರ್ಷದ ಹುಡುಗಿ ಹೌಹಾರಿ, "ಅಯ್ಯೋ ಕಾಯಿ! ರೈಟರ್ ಬೈತಾರೆ!" ಅಂತ ಕಿಟಕಿಯಾಚೆ ಎಸೆದಳು. ಹಣ್ಣಾಗದ ಕಾಫಿ ಕುಯ್ದರೆ ಅಮ್ಮಂದಿರಿಗೆ ತೋಟದ ಲೆಕ್ಕ ಬರೆಯುವ ರೈಟರಿಂದ ಆಗುವ ಮಂಗಳಾರತಿ ಅವಳು ಕಂಡದ್ದೇ.

ಆಮೇಲೆ ಎಲ್ಲವೂ, ಸಂಜೆ ಕುಯ್ದ ಹಣ್ಣು ಹೊತ್ತು ರೈಟರ ಮುಂದೆ ನಿಲ್ಲುವ ಅಮ್ಮಂದಿರ ಹಾಗೆ, ಡಾಕ್ಟರಮ್ಮನ ಮುಂದೆ ಸಾಲು ನಿಂತವು.

"ಇದೇನು?"

"ಬೇಗ ಅಳತೆ ಮಾಡಿ ಅಮ್ಮಾ, ಮನೆಗೆ ಹೋಗ್ಬೇಕು!"

ಏನೂ ಬಾರದ ಮಕ್ಕಳು

ಸಂಜೆ ಅಮ್ಮಂದಿರ ಸರದಿ. ಹೊರಗಿನವರ ಮುಂದೆ ಮಗುವನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ಎಲ್ಲರೂ ಮೊದಲೇ ಮಾತಾಡಿಕೊಂಡು ಬಂದಿದ್ದರು.

"ನಡೀತದಾ?"

"ಎಲ್ಲಿ ನಡೀತದೆ ಅಮ್ಮಾ, ಬಿದ್ದೇ ಇರ್ತದೆ."

"ಮಾತಾಡ್ತದಾ?"

"ಬಾಯೇ ಬಿಡೋದಿಲ್ಲ."

ಡಾಕ್ಟರಮ್ಮನ ಮುಖ ಸಪ್ಪಗಾಯಿತು. ನನಗಂತೂ ಕೂಸಿನ ಮನೆಯೊಳಗೆ ಮೂಟೆ ಇಳಿಯುವುದೇ ಕಣ್ಣಿಗೆ ಕಟ್ಟಿತು. ಕೊನೆಯವಳು, "ನನ್ನ ಮಗನಿಗೆ ಕಿವಿಯೂ ಕೇಳೋದಿಲ್ಲ" ಅಂದಳು.

ಅಂಗಳದಲ್ಲಿ ಆಡುತ್ತಿದ್ದ ಮಗ ಅಲ್ಲಿಂದಲೇ ಕೂಗಿದ: "ಕೇಳ್ತದೇ!"

ಸಾಹುಕಾರರ ಪಾರ್ಟು

ಪರೀಕ್ಷೆಯ ಕೊನೆಯ ದಿನ ಸಾಹುಕಾರರೇ ರೈಟರ ಜತೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು.

"ಈಗ ದೊಡ್ಡವರ ಹಾಗೆ ಆಡಿ ತೋರಿಸಿ. ಉಗಾಂಡಾದಲ್ಲಿ ಒಬ್ಬ ಹುಡುಗ ಥೇಟ್ ನನ್ನ ಹಾಗೇ ಕನ್ನಡಕ ಏರಿಸಿದ್ದ" ಅಂದರು ಡಾಕ್ಟರಮ್ಮ.

ಸಾಹುಕಾರರ ಬಂಗಲೆಯಲ್ಲಿ ಅಡುಗೆ ಮಾಡುವವಳ ನಾಲ್ಕು ವರ್ಷದ ಮಗಳು ಎದ್ದಳು. ನೆಗಡಿಯೆಂದು ಹಿಂದಿನ ವಾರವೆಲ್ಲ ಅವಳು ಅಮ್ಮನ ಜತೆ ಬಂಗಲೆಯಲ್ಲೇ ಇದ್ದಳು. ಕೋಲು ಹಿಡಿದು, ಹೊಟ್ಟೆ ಮುಂದೆ ಮಾಡಿ, "ಏಯ್! ಎಲ್ಲರ್ನೂ ಓಡಿಸ್ತೀನಿ!" ಎಂದು ಗುಡುಗಿದಳು. ಸಾಹುಕಾರರು ಮೀಸೆಯಲ್ಲೇ ನಕ್ಕರು.

ತಕ್ಷಣ ಹುಡುಗಿ ಆಚೆ ಹಾರಿ, ಸೊಂಟದ ಮೇಲೆ ಕೈಯಿಟ್ಟು ಸಾಹುಕಾರರ ಹೆಂಡತಿ, ಬಂಗಲೆಯ ಅಮ್ಮಾವ್ರಾದಳು. "ಕೆಸರು ಕಾಲಲ್ಲಿ ಒಳಗೆ ಬಂದ್ರಾ? ಹೊರಗೇ ನಿಲ್ಲಿ!"

ಮತ್ತೆ ಈಚೆ ಹಾರಿ, ಕೋಲನ್ನು ಬೆನ್ನ ಹಿಂದೆ ಅಡಗಿಸಿ, ಬೆಕ್ಕಿನ ಮರಿಯ ದನಿಯಲ್ಲಿ, "ಇಲ್ಲ ಮಾರಾಯ್ತೀ... ತೊಳ್ಕೊಂಡೇ ಬರ್ತೀನಿ ಮಾರಾಯ್ತೀ..."

ರೈಟರು ಛಾವಣಿಯ ಕೆಳಗೇ ಕೊಡೆ ಬಿಚ್ಚಿ ಮುಖ ಮರೆಸಿಕೊಂಡರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಏನೂ ತಿಳಿಯದ ಡಾಕ್ಟರಮ್ಮ ಚಪ್ಪಾಳೆ ತಟ್ಟಿ, "ಎಂಥಾ ಬುದ್ಧಿ! ಎಲ್ಲಿ ಕಲಿತೆ ಮರೀ?" ಅಂದರು.

"ಬಂಗಲೆ ಅಡುಗೆಮನೇಲಿ. ಇನ್ನೂ ಇದೆ, ತೋರಿಸ್ಲಾ?"

ಸಾಹುಕಾರರು ಕುರ್ಚಿ ಬಿಟ್ಟು ಎದ್ದೇ ಬಿಟ್ಟರು.

"ಬೇಡ! ಟೀಚರ್, ಮುಚ್ಚೋ ಮಾತೇ ಇಲ್ಲ. ಭಾನುವಾರವೂ ಬಾಗಿಲು ತೆಗೀರಿ. ನೆಗಡಿ ಬಂದ್ರೂ ಸರಿ, ಕೆಮ್ಮು ಬಂದ್ರೂ ಸರಿ, ಇವಳು ಇಲ್ಲೇ ಇರ್ಲಿ!"