ಅತ್ತಿ ಕೇಳಿದ ಬೆಳ್ಳನ ಸೂಪು

ನನ್ನ ಕೈಗೆ ಸೌಟು ಬಂತು ಅಂದ್ರ ಏನರ ಒಂದು ಫಜೀತಿ ಆಗ್ಲೇಬೇಕು, ಅದಿಲ್ಲಂದ್ರ ಆವತ್ತಿನ ಹೊತ್ತು ಮುಳುಗಂಗಿಲ್ಲ. ಸವಣೂರ ಹತ್ರ ಒಂದು ಸರಕಾರಿ ಸಾಲ್ಯಾಗ ನಾನು ಬಿಸಿಯೂಟದ ಮುಖ್ಯ ಅಡಗಿಯಾಕಿ. ಸಾಲಿ ಹುಡುಗ್ರು ತಾಟು ನೆಕ್ಕಿ ಏಳ್ತಾವು. ಮನ್ಯಾಗ ನಮ್ಮ ಅತ್ತಿ ಮಾತ್ರ ಒಂದು ತುತ್ತು ಬಾಯಿಗೆ ಇಟ್ಟು, "ಹೂಂ, ಸಾಲಿ ಅಡಗಿ," ಅಂತಾರ. ಮದಿವ್ಯಾಗಿ ಇಪ್ಪತ್ತೆರಡು ವರ್ಷ ಆತು, ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗ ಸಿಕ್ಕಿಲ್ಲ.

ಇಂಥಾ ಅತ್ತಿಗೆ ಚಿಕೂನ್‌ಗುನ್ಯಾ ಬಂದು ಹಾಸಿಗಿ ಹಿಡದಾಗ ಆದ ಫಜೀತಿ ಇವು.

೧. ಹಟ

ಜ್ವರ ಬಿಟ್ಟಿತ್ತು, ಆದ್ರ ಬಾಯಿ ರುಚಿ ಸತ್ತುಹೋಗಿತ್ತು. ಗಂಜಿ ಕೊಟ್ರ ಮಾರಿ ತಿರುವೋರು, ನುಚ್ಚು ಕೊಟ್ರ ಕಣ್ಣು ಮುಚ್ಚೋರು. ಶುಕ್ರವಾರ ನೋಡಾಕ ಬಂದ ಡಾಕ್ಟರು, "ಸೋಮವಾರದ ತನಕ ನೋಡ್ತೇನಿ. ಹೊಟ್ಟಿಗೆ ಏನೂ ಹೋಗಲಿಲ್ಲಂದ್ರ ಹಾವೇರಿಗೆ ಒಯ್ದು ಸಲಾಯಿನ್ ಹಚ್ಚಬೇಕಾಕ್ಕೈತಿ," ಅಂದು ಹ್ವಾದ್ರು.

ದವಾಖಾನಿ ಅಂದ್ರ ಅತ್ತಿಗೆ ಅರ್ಧಾ ಜೀವ ಹೋಗತೈತಿ. ಖರೇ ಹೇಳ್ತೇನಿ, ನನಗೂ ಹೆದರಿಕಿ ಆಗಿತ್ತು. ಮುಂಜಾನಿಂದ ಸಂಜಿತನಕ ಬೈಯೋರು ಎಂಟು ದಿನ ಸುಮ್ಮನ ಮಲಗಿದ್ರ ಮನಿ ಭಣಭಣ ಅಂತೈತಿ.

ಮಲಕೊಂಡು ಮಾಡೋದೇನು? ನನ್ನ ಫೋನ್ ಹಿಡಕೊಂಡು ನೋಡಾಕತ್ತಿದ್ರು. ಒಮ್ಮೆಲೆ, "ಏ ಇಲ್ಲಿ ಬಾ. ಇದನ್ನ ಮಾಡಿ ಕೊಡು, ಕುಡೀತೇನಿ," ಅಂದ್ರು.

ನೋಡಿದ್ರ ಬಿಳೇ ಅಂಗಿ ತೊಟ್ಟ ಒಬ್ಬಾಕಿ ಹೆಣಮಗಳು ತೆಂಗಿನಕಾಯಿ ಹಾಲಿನ್ಯಾಗ ಕೋಳಿ ಕುದಿಸಾಕತ್ತಾಳ. "ಅತ್ತಿ, ಅದು ಥೈಲ್ಯಾಂಡಿನ ಸೂಪ್‌ರಿ," ಅಂದೆ.

"ಹೌದಾ? ಹಂಗಾರ ನಿನಗ ಬರಂಗಿಲ್ಲ ಬಿಡು," ಅಂದು ಗ್ವಾಡಿ ಕಡೆ ಮಾರಿ ಮಾಡಿದ್ರು.

ನನಗೂ ಸಿಟ್ಟು ಬಂತು. "ಯಾಕ ಬರಂಗಿಲ್ಲ? ಮಾಡ್ತೇನ್ರಿ!" ಅಂದುಬಿಟ್ಟೆ. ಥೈಲ್ಯಾಂಡ್ ಯಾವ ದಿಕ್ಕಿಗೈತಿ ಅಂತ ಆಮ್ಯಾಲ ಸಾಲಿ ನಕಾಶಿದಾಗ ಹುಡುಕಿದೆ.

೨. ಬೇರು

ಹಾಕೋ ಸಾಮಾನು ಬರಕೊಂಡೆ. ಚಾದಾಗ ಹಾಕೋ ಘಮಘಮ ಹುಲ್ಲು ಬೇಕು ಅಂದ್ಲು ಫೋನಿನ ಹೆಣಮಗಳು, ಅದು ನಮ್ಮ ಯಜಮಾನ್ರು ದುಡಿಯೋ ಎಲಿತೋಟದ ಬದುವಿನ್ಯಾಗ ಬೇಕಾದಷ್ಟು ಐತಿ. ಲಿಂಬಿ ಎಲಿ ಹಿತ್ತಲದಾಗ ಐತಿ. ಮೀನಿನ ನೀರು ಹಾಕ್ರಿ ಅಂದ್ಲು, ಆ ಸುದ್ದಿ ನಾನು ಅತ್ತಿ ಮುಂದ ಎತ್ತಲಿಲ್ಲ. ಉಳದದ್ದು ಒಂದ: ಶುಂಠಿಯಂಗ ಕಾಣೋ ದುಂಪರಾಷ್ಟ್ರದ ಬೇರು. ಕಾಯಿಪಲ್ಲೆ ಮಾರೋರಿಗೆ ಅದರ ಹೆಸರ ಗೊತ್ತಿಲ್ಲ. ಕಡೀಕ ಪ್ಯಾಟ್ಯಾಗ ಬೇರು-ನಾರು ಮಾರೋ ಮುದುಕರ ಅಂಗಡಿಗೆ ಹ್ವಾದೆ.

"ಯಾರಿಗವ್ವಾ ಇದು?"

"ನಮ್ಮ ಅತ್ತಿಗ್ರಿ."

"ಕೀಲುನೋವೇನು? ಅರದು ಮಣಕಾಲಿಗೆ ಹಚ್ಚು."

"ಹಚ್ಚಾಕ ಅಲ್ರಿ ಅಜ್ಜಾರ, ಕೋಳಿ ಜೋಡಿ ಕುದಿಸಾಕ."

ಅಜ್ಜಾರು ಚಾಳೀಸು ತಗದು ನನ್ನ ಅಡಿಯಿಂದ ಮುಡಿತನಕ ನೋಡಿದ್ರು. "ಅತ್ತಿಗೆ ಇದು ಗೊತ್ತೈತಿ?"

"ಅವರ ಕೇಳ್ಯಾರ್ರಿ."

ಅವರು ಬೇರು ಕಟ್ಟಿಕೊಟ್ರು. ನಾನು ಮೆಟ್ಟಲು ಇಳಿಯೋವಾಗ ಹಿಂದಿಂದ ಸಣ್ಣ ದನಿಲೆ ಕೂಗಿದ್ರು: "ಯವ್ವಾ, ಏನರ ಹೆಚ್ಚುಕಡಿಮಿ ಆದ್ರ ನನ್ನ ಅಂಗಡಿ ಹೆಸರು ಹೇಳಬ್ಯಾಡ ನೋಡು."

೩. ಶಕ್ತಿ

ಕೋಳಿಗೆ ನಮ್ಮ ಮನ್ಯಾಗ ಪಂಚಾಂಗ ನೋಡಬೇಕು. ಸೋಮವಾರ ಈಶ್ವರಂದು, ಗುರುವಾರ ಗುರುಗಳದು, ಶನಿವಾರ ಹಣಮಪ್ಪಂದು. ಅದಕ್ಕ ರವಿವಾರದ ತನಕ ಕಾಯಬೇಕಾತು. ಅದೂ ಹಿತ್ತಲದಾಗ, ಮೂರು ಕಲ್ಲಿನ ಒಲಿ ಮ್ಯಾಲ. ಫೋನಿನ ಹೆಣಮಗಳು ಲಿಪ್‌ಸ್ಟಿಕ್ ಹಚ್ಚಿಕೊಂಡು ನಗತಾ ಮಾಡಿದ್ಲು, ನಾನು ಹೊಗಿಗೆ ಕಣ್ಣು ಒರಸಿಕೋತ ಕುಂತೆ.

ಯಜಮಾನ್ರು ಶಿಗ್ಗಾಂವಿಂದ ಒಂದು ಜವಾರಿ ಕೋಳಿ ತಂದಿದ್ರು. "ಫಾರ್ಮಿಂದು ಬ್ಯಾಡ. ಜವಾರಿದ್ರಾಗ ಶಕ್ತಿ ಇರತೈತಿ," ಅಂದ್ರು. ಅದರ ವಯಸ್ಸು ಮಾತ್ರ ಮಾರಿದಾತನೂ ಹೇಳಿಲ್ಲ, ಇವರೂ ಕೇಳಿಲ್ಲ.

ಇಪ್ಪತ್ತು ನಿಮಿಷ ಕುದಿಸ್ರಿ ಅಂತ ಫೋನಿನ್ಯಾಗ ಇತ್ತು. ಇಪ್ಪತ್ತು ನಿಮಿಷ ಆತು, ಚಮಚಾ ಒತ್ತಿದ್ರ ಚಮಚಾ ಬಾಗಿತು. ಒಂದು ತಾಸಾತು. ಕಟಗಿ ಮುಗದು ಕುಳ್ಳು ಹಚ್ಚಿದೆ. ಎರಡು ತಾಸಿಗೆ ಯಜಮಾನ್ರು ಬಂದು, "ಶಕ್ತಿ ಬಿಟ್ಟೈತೇನು?" ಅಂತ ಕೇಳಿದ್ರು.

"ಶಕ್ತಿ ಐತ್ರಿ," ಅಂದೆ. "ಅದು ಇನ್ನೂ ಬಿಟ್ಟುಕೊಡವಲ್ತು."

೪. ರುಚಿ ನೋಡೋದು

ಬೀಮಾರಿ ಬಿದ್ದೋರನ್ನ ನೋಡಾಕ ಬರೋರು ಬರೇ ಕೈಲೆ ಬರಂಗಿಲ್ಲ. ಹಿಂಗಾಗಿ ಮನಿ ತುಂಬ ತೆಂಗಿನಕಾಯಿ ಬಿದ್ದಿದ್ವು. ಒಬ್ಬರಿಗೆ ಸೂಪು ಮಾಡಾಕ ಎಷ್ಟು ಕಾಯಿ ಬೇಕು? ನನಗೇನು ಗೊತ್ತು? ಹದಿನೈದು ವರ್ಷ ಈ ಕೈಗೆ ಬಕೀಟಿನ ಅಳತಿ ಬಿಟ್ಟು ಬ್ಯಾರೆ ಗೊತ್ತಿಲ್ಲ. ಹೆರದೆ, ಹಿಂಡಿದೆ, ಹಾಕಿದೆ. ಉಪ್ಪನ್ನ ರೂಢಿ ಮ್ಯಾಲ ಮುಷ್ಟಿಲೆ ಒಗದೆ. ಬಾಯಿಗೆ ಇಡಾಕಾಗಲಿಲ್ಲ. ಅದನ್ನ ಇಳಸಾಕ ಮತ್ತ ನೀರು, ಮತ್ತ ಕಾಯಿಹಾಲು, ಮತ್ತ ಲಿಂಬಿಹಣ್ಣು. ಒಬ್ಬ ಮುದುಕಿಗೆ ಅಂತ ಇಟ್ಟದ್ದು ನಾಕನೇ ಕ್ಲಾಸಿನ ಹುಡುಗ್ರೆಲ್ಲಾ ಉಣ್ಣುವಷ್ಟಾತು.

ಸಾಲ್ಯಾಗ ಒಂದು ನೇಮ ಐತಿ. ಹುಡುಗ್ರಿಗೆ ಬಡಿಸೋಕಿಂತ ಮೊದಲು ಮಾಸ್ತರು ರುಚಿ ನೋಡಿ ಪುಸ್ತಕದಾಗ ಸಹಿ ಮಾಡಬೇಕು. ಅದಾಗದ ಬಡಿಸಾಕ ನನ್ನ ಕೈ ಏಳಂಗಿಲ್ಲ. ಯಜಮಾನ್ರಿಗೆ ಒಂದು ಬಟ್ಟಲು ಹಾಕಿ, "ರುಚಿ ನೋಡ್ರಿ," ಅಂದೆ.

ಕುಡದ್ರು. "ಹೆಂಗೈತ್ರಿ?"

"ಲಗೂನ ತಿಳಿಯಂಗಿಲ್ಲ. ಇನ್ನೊಂದು ಬಟ್ಟಲು ಹಾಕು."

ಎರಡನೇದೂ ಖಾಲಿ ಆತು. "ಉಪ್ಪು ಸರಿ ಐತಿ ಅನ್ನಸತೈತಿ. ಹುಳಿ ನೋಡಬೇಕು."

ಹುಳಿಗೆ ಒಂದು ಬಟ್ಟಲು, ಖಾರಕ್ಕ ಒಂದು ಬಟ್ಟಲು. ಐದನೇದಕ್ಕ ಕೈ ಚಾಚಿದಾಗ ಸೌಟು ಕಸಗೊಂಡೆ. ನಮ್ಮ ಮಾಸ್ತರೂ ಹಿಂಗ ರುಚಿ ನೋಡಿದ್ರ ಸಾಲಿ ಹುಡುಗ್ರು ಬರೇ ಪ್ರಾರ್ಥನಾ ಹೇಳಿ ಮನಿಗೆ ಹೋಗಬೇಕಾಕ್ಕಿತ್ತು.

೫. ಕರಿ ಗೆರಿ

ಬಟ್ಟಲು ತುಂಬಿ ಅತ್ತಿ ಮುಂದ ಒಯ್ದೆ. ಇದೂ ಇಳೀಲಿಲ್ಲಂದ್ರ ನಾಳೆ ಹಾವೇರಿ ಗಾಡಿ ಹತ್ತೋದ.

ಅತ್ತಿ ಇಣಕಿ ನೋಡಿ, "ಫೋನಿನ್ಯಾಗ ಇದಕ್ಕಿಂತ ಬೆಳ್ಳಗಿತ್ತು," ಅಂದ್ರು. ಒಂದು ಗುಟುಕು ಕುಡದು ಕಣ್ಣು ಮುಚ್ಚಿದ್ರು. ಅಯ್ಯ ಶಿವನ, ಮುಗೀತು ಅಂದುಕೊಂಡೆ. ಕಣ್ಣು ಮುಚ್ಚಿಕೊಂಡ ಇನ್ನೊಂದು ಗುಟುಕು ಕುಡದ್ರು. ಬಟ್ಟಲು ಖಾಲಿ. ಇನ್ನೊಂದು ಕೇಳಿದ್ರು. ಅದೂ ಖಾಲಿ.

"ಹೆಂಗಿತ್ರಿ?"

"ಬಿಸಿ ಇತ್ತು," ಅಂದು ಮಲಕೊಂಡ್ರು.

ಬಿಸಿ ಇತ್ತಂತ! ಆದ್ರೂ ಇಷ್ಟು ದಿನದ ಮ್ಯಾಲ ಹೊಟ್ಟಿಗೆ ಹೋತಲ್ಲ ಅಂತ ಹಿತ್ತಲಕ್ಕ ಹೋಗಿ ಸೆರಗು ಬಾಯಿಗೆ ಹಿಡದು ಅತ್ತುಬಿಟ್ಟೆ. ಆಮ್ಯಾಲ ದಣಿವಿಗೆ ನನಗೂ ಜೊಂಪು ಹತ್ತಿತು.

ಐದು ಗಂಟೆಕ್ಕ ಎದ್ದು ನೋಡಿದ್ರ ಮಂಚ ಖಾಲಿ! ಬಚ್ಚಲಕ್ಕ ಹೋಗಾಕೂ ನನ್ನ ಹೆಗಲು ಹಿಡೀತಿದ್ದೋರು ಎಲ್ಲಿ ಹ್ವಾದ್ರು? ಗಾಬರಿಯಾಗಿ ಹೊರಗ ಓಡಿದೆ. ಎದುರು ಮನಿ ಕಟ್ಟಿ ಮ್ಯಾಲ ಕೋಲು ಹಿಡಕೊಂಡು ಕುಂತಾರ, ಸುತ್ತ ಓಣಿ ಹೆಂಗಸ್ರು.

"ಏನ್ ಹೇಳಲೆವಾ? ಹುಲ್ಲು ಹಾಕ್ಯಾಳ, ಬೇರು ಹಾಕ್ಯಾಳ. ಮಸಾಲಿ ಇಲ್ಲ, ಏನಿಲ್ಲ. ದನಾನೂ ಮೂಸಂಗಿಲ್ಲ. ನೀವು ಯಾರೂ ಅದರ ಸನೇಕ ಹೋಗಬ್ಯಾಡ್ರಿ!"

ನನ್ನ ಹೊಟ್ಟಿ ಉರೀತು. ಎರಡು ತಾಸು ಹೊಗಿ ಕುಡದದ್ದಕ್ಕ ಇದು ಬಹುಮಾನ! ಆದ್ರ ಎದುರು ಮನಿ ಅಕ್ಕ ಶಾಣ್ಯಾಕಿ. "ಹಾಸಿಗಿ ಹಿಡದ ನಿಮ್ಮ ಅತ್ತಿ ಎದ್ದು ಬಂದು ಬೈಯಾಕತ್ತಾರಂದ್ರ ಅದು ಅಂತಿಂಥಾ ಸೂಪಲ್ಲ. ನಮ್ಮ ಮಾವಗೂ ಬಾಯಿರುಚಿ ಇಲ್ಲ, ಒಂದು ಬಟ್ಟಲು ಕೊಡವಾ," ಅಂತ ಬಟ್ಟಲು ಹಿಡಕೊಂಡು ನನ್ನ ಹಿಂದ ಬಂದ್ಲು. ಆಕಿನ್ನ ಪಡಸಾಲ್ಯಾಗ ಕುಂದ್ರಿಸಿ ನಾನು ಹಿತ್ತಲಕ್ಕ ಹ್ವಾದೆ.

ಒಲಿ ಮ್ಯಾಲ ಸೂಪಿನ ಬೋಗಾಣಿ ಇಲ್ಲ! ನಾಯಿ ಎಳದಿರಬೇಕು ಅಂತ ನೆಲ ನೋಡಿದ್ರ ಮಸಿಯ ಒಂದು ಕರಿ ಗೆರಿ, ಒಲಿಯಿಂದ ಹಿತ್ತಲ ಬಾಗಲಾ ದಾಟಿ ಒಳಗ ಹೋಗೈತಿ. ಅದರ ಬೆನ್ನು ಹತ್ತಿ ಹ್ವಾದ್ರ ಅತ್ತಿ ಮಂಚದ ಬುಡಕ ಮುಟ್ಟಿದೆ. ಕೌದಿ ಎತ್ತಿದ್ರ ಬೋಗಾಣಿ ಅಲ್ಲೇ ಕುಂತೈತಿ, ಪಕ್ಕಕ್ಕ ಅವರ ಬಟ್ಟಲು.

ಹಿಂದ ಕೋಲಿನ ಸಪ್ಪಳಾತು. ಅತ್ತಿ ಬಂದು ಕೌದಿ ಇಳಿಬಿಟ್ಟು, ನನ್ನ ಕಿವಿ ಹತ್ರ ಬಾಯಿ ತಂದ್ರು.

"ಮುಗದೈತಿ ಅಂತ ಹೇಳಿ ಕಳಸು ಆಕಿನ್ನ. ಚಲೋ ಆಗೈತಿ ಅಂತ ಯಾರ ಮುಂದರ ಬಾಯಿ ಬಿಟ್ಟೀ, ಮತ್ತ!"