ಗರಗಸಾಸುರನ ಮನಃಪರಿವರ್ತನೆ

ಕೆಟ್ಟವನೊಬ್ಬನನ್ನು ಹುಟ್ಟಿಸುವುದು ಬಹಳ ಸುಲಭ. ಎರಡು ಕೊಂಬು, ಕಿವಿಯವರೆಗೆ ಹೋಗುವ ಮೀಸೆ, ನಾಲ್ಕು ಕೋರೆಹಲ್ಲು ಬರೆದರೆ ಮುಗಿಯಿತು. ಮಿಕ್ಕದ್ದನ್ನು ನೋಡುವವರ ಹೆದರಿಕೆಯೇ ತುಂಬಿಕೊಳ್ಳುತ್ತದೆ. ಅವನನ್ನು ಒಳ್ಳೆಯವನನ್ನಾಗಿ ಮಾಡುವುದಿದೆಯಲ್ಲ, ಅದು ಎಲ್ಲರ ಕೈಲಾಗುವ ಕೆಲಸವಲ್ಲ. ನಾನು ಒಮ್ಮೆ ಮಾಡಹೋಗಿ ಕೈ ಸುಟ್ಟುಕೊಂಡೆ ಎಂದು ಹೇಳಿಕೊಂಡು ತಿರುಗುವುದುಂಟು. ಅದು ಸುಳ್ಳು. ಸುಟ್ಟದ್ದು ಇನ್ನೊಬ್ಬರ ಕೈ.

ಅರವತ್ತರ ದಶಕದ ಮಾತು. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಮಗ ರಾಕೆಟ್ಟು ಮಾಡುತ್ತಾನೆಂದು ಮೈಸೂರಿನಲ್ಲಿ ನಮ್ಮ ತಂದೆ ಬೀದಿಯವರಿಗೆಲ್ಲ ಹೇಳಿದ್ದರು. ನಾನು ಬರೆಯುತ್ತಿದ್ದದ್ದು ಯಂತ್ರದ ಪೆಟ್ಟಿಗೆಯ ಮುಚ್ಚಳಕ್ಕೆ ಎಲ್ಲೆಲ್ಲಿ ತೂತು ಕೊರೆಯಬೇಕು ಎಂಬುದನ್ನು. ಅಲ್ಲಿ ಹತ್ತಿಪ್ಪತ್ತು ಕನ್ನಡದ ಸಂಸಾರಗಳಿದ್ದವು, ನಮ್ಮದೊಂದು ಬಳಗವಿತ್ತು, ತಿಂಗಳಿಗೊಂದು ಭಾನುವಾರ ಸಂಜೆ ಒಂದು ಗುಜರಾತಿ ಶಾಲೆಯ ಹಾಲಿನಲ್ಲಿ ಸೇರುತ್ತಿದ್ದೆವು. ದೊಡ್ಡವರು ಸೇರಿ ಉಪ್ಪಿಟ್ಟು ತಿಂದು ಊರಿನ ಸುದ್ದಿ ಆಡುತ್ತಿದ್ದರು. ಮಕ್ಕಳು ಹೊರಗೆ ಗುಜರಾತಿಯಲ್ಲಿ ಜಗಳವಾಡುತ್ತಿದ್ದವು. ನನ್ನ ಮಗಳು ನಳಿನಿಗೆ ಆಗ ಏಳು ವರ್ಷ. ಅಕ್ಕಪಕ್ಕದ ಮಕ್ಕಳನ್ನು ನೋಡಿ ಅಮ್ಮನನ್ನು ‘ಬಾ’ ಎಂದು ಕರೆಯುತ್ತಿದ್ದಳು. ನನ್ನ ಹೆಂಡತಿ ಸರೋಜ ಪ್ರತಿ ಸಲವೂ ‘ಎಲ್ಲಿಗೇ ಬರಲಿ?’ ಎಂದು ಕೇಳಿ ಕೇಳಿ ಸೋತಿದ್ದಳು. ಈ ಮಕ್ಕಳಿಗೆ ಕನ್ನಡ ಕಲಿಸಲು ಏನಾದರೂ ಮಾಡಿ ಎಂದು ಬಳಗದ ಅಧ್ಯಕ್ಷರಾದ ಶ್ರೀನಿವಾಸರಾಯರು ನನ್ನ ತಲೆಗೆ ಕಟ್ಟಿದರು. ಬೇರೆ ಏನೂ ಬಾರದ್ದರಿಂದ ನಾನು ಚಿತ್ರ ಬರೆದೆ.

ಸಂಸ್ಥೆಯಲ್ಲೊಂದು ಹಳೆಯ ಸ್ಲೈಡ್ ಯಂತ್ರ ಮೂಲೆ ಸೇರಿತ್ತು. ಅದನ್ನು ಕೇಳಿ ತಂದೆ. ಗಾಜಿನ ಚೂರುಗಳ ಮೇಲೆ ಬಣ್ಣದ ಮಸಿಯಲ್ಲಿ ಚಿತ್ರ ಬರೆದು, ಹಾಸಿಗೆಯ ಹೊದಿಕೆಯೊಂದನ್ನು ಪರದೆ ಮಾಡಿ ಅದರ ಮೇಲೆ ಬಿಡುತ್ತಿದ್ದೆ. ಒಂದು ಗಾಜಿನ ಮೇಲೆ ರಾಕ್ಷಸನ ಮುಖ, ಅದರ ಹಿಂದೆ ಇನ್ನೊಂದು ಸಣ್ಣ ಗಾಜಿನ ಮೇಲೆ ಅವನ ಕೆಳದವಡೆ. ದಾರ ಎಳೆದರೆ ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಇನ್ನೊಂದು ದಾರಕ್ಕೆ ಕಣ್ಣುಗುಡ್ಡೆ ಉರುಳುತ್ತಿತ್ತು. ಹಲ್ಲು ಗರಗಸದಂತೆ ಇದ್ದುದರಿಂದ ಅವನಿಗೆ ಗರಗಸಾಸುರನೆಂದು ಹೆಸರಾಯಿತು. ತಿಂಗಳಿಗೊಂದು ಕಂತು. ಪುಟ್ಟಜ್ಜಿ ಎಂಬ ಮುದುಕಿಯ ಕರುವನ್ನು ಅವನು ಕದ್ದೊಯ್ಯುತ್ತಾನೆ, ಅವಳ ಗುಡಿಸಲಿಗೆ ಬೆಂಕಿ ಇಡುತ್ತಾನೆ, ಊರಿನ ಬಾವಿಯನ್ನು ಒಂದೇ ಗುಟುಕಿಗೆ ಕುಡಿಯುತ್ತಾನೆ. ಕಥೆ ಅಷ್ಟೇನೂ ಹೊಸದಲ್ಲ. ಆದರೆ ಅವನ ದನಿ ಇತ್ತಲ್ಲ, ಅದಕ್ಕೆ ಗೋಡೆ ನಡುಗುತ್ತಿತ್ತು.

ಆ ದನಿ ಅನಂತಯ್ಯನವರದು. ಕುಂದಾಪುರದ ಕಡೆಯವರು, ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಬಳಿ ಸಣ್ಣದೊಂದು ಉಡುಪಿ ಹೋಟೆಲು ನಡೆಸುತ್ತಿದ್ದರು. ಚಿಕ್ಕಂದಿನಲ್ಲಿ ಯಾವುದೋ ಮೇಳದಲ್ಲಿ ಸಣ್ಣಪುಟ್ಟ ರಾಕ್ಷಸರ ವೇಷ ಕಟ್ಟಿದವರು. ಬೇರೆ ಹೊತ್ತಿನಲ್ಲಿ ಅವರಿಗೆ ದನಿಯೇ ಇರಲಿಲ್ಲ. ‘ಇನ್ನೊಂದು ದೋಸೆ ಹಾಕ್ಲಾ?’ ಎಂಬುದನ್ನೂ ಕಿವಿಯ ಹತ್ತಿರ ಬಂದು ಕೇಳುತ್ತಿದ್ದರು. ಪರದೆಯ ಹಿಂದೆ ನಿಂತರೆ ಮಾತ್ರ ಬೇರೆಯೇ ಮನುಷ್ಯ. ಅವರು ‘ಎಲಾ ಮುದುಕೀ!’ ಎಂದರೆ ಮಕ್ಕಳು ಕುರ್ಚಿಯ ಕೆಳಗೆ ಸೇರುತ್ತಿದ್ದವು. ಮೂರನೆಯ ಕಂತಿನ ಹೊತ್ತಿಗೆ ಧೈರ್ಯ ಬಂದು, ತಿರುಗಿ ಬೈಯತೊಡಗಿದವು. ನಳಿನಿ ಮನೆಗೆ ಬಂದು, ‘ಅಪ್ಪಾ, ಗುಜರಾತಿ ಬೈಗುಳ ಅವನಿಗೆ ಅರ್ಥ ಆಗಲ್ಲ, ಕನ್ನಡದ್ದು ಹೇಳಿಕೊಡು’ ಎಂದಳು. ನನ್ನ ಮಗಳು ಕಲಿತ ಮೊದಲ ಅಚ್ಚಗನ್ನಡ ‘ಎಲವೋ ದುರುಳ’. ಹಾಲಿನವನಿಗೂ ಅದನ್ನೇ ಹೇಳಿದಳು.

ಏಳನೆಯದು ಕೊನೆಯ ಕಂತು. ಅಸುರನನ್ನು ಕೊಲ್ಲುವುದೆಂದು ನಾನು ನಿಶ್ಚಯಿಸಿದ್ದೆ. ಶ್ರೀನಿವಾಸರಾಯರು ಒಪ್ಪಲಿಲ್ಲ. ‘ಏನ್ರೀ ಇದು, ಸಾಬರಮತಿ ದಡದಲ್ಲಿ ಕೂತು ಕೊಲೆ ತೋರಿಸ್ತೀರಾ? ಮನಃಪರಿವರ್ತನೆ ಮಾಡಿಸಿ’ ಎಂದರು. ನನಗೇನು, ಆಗಲಿ ಎಂದೆ. ಕೊಲ್ಲುವುದಕ್ಕಿಂತ ಅದಕ್ಕೆ ಗಾಜು ಕಡಿಮೆ ಸಾಕು.

ಸುದ್ದಿ ಹೇಳಲು ಹೋಟೆಲಿಗೆ ಹೋದಾಗ ಅನಂತಯ್ಯ ಕೈಯೊರಸಿಕೊಂಡು ನನ್ನೆದುರು ಕೂತರು.

‘ಒಳ್ಳೆಯವ ಆಗ್ತಾನಾ? ಹೇಗೆ ಆಗ್ತಾನೆ ಮಾರಾಯ್ರೆ?’

‘ನದಿಯಲ್ಲಿ ಮುಳುಗು ಹಾಕ್ತಾನೆ. ಕೊಂಬು ಬಿದ್ದುಹೋಗುತ್ತೆ. ಅಜ್ಜಿ ತಬ್ಬಿಕೊಳ್ತಾಳೆ.’

ಅವರು ‘ಅದಕ್ಕೆ ಮೊದಲು ಅವ ಅಜ್ಜಿ ಮನೆ ಬಾಗಿಲಿಗೆ ಹೋಗ್ಬೇಕಲ್ಲ ರಾಯರೇ’ ಎಂದರು. ‘ಬಾಗಿಲು ಮುಚ್ಚಿರ್ಲಿ. ಅವ ಹೊರಗೆ ನಿಂತು ತಾನು ಎಂತ ಮಾಡಿದ್ದು ಅಂತ ಒಂದೊಂದೇ ಹೇಳ್ಲಿ. ಅವಳು ತೆಗೀಬೇಕು ಅಂತ ಇಲ್ಲ. ಒಂದು ಚಿತ್ರ ಸಾಕು, ಮುಚ್ಚಿದ ಬಾಗಿಲಿದ್ದು. ಮಾತು ನಾನು ಮಾಡ್ಕೊಳ್ತೇನೆ.’

ಬರೆದುಕೊಡುತ್ತೇನೆಂದು ಮಾತು ಕೊಟ್ಟೆ, ಬರೆದೂ ಬರೆದೆ. ನಾನು ಬರೆದ ಗಾಜುಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆ ಭಾನುವಾರ ಮಧ್ಯಾಹ್ನ, ಮಸಿ ಒಣಗುವ ಮೊದಲೇ ಅದರ ಮೇಲೆ ಕಾಫಿಯ ಲೋಟ ಇಟ್ಟೆ. ಬಾಗಿಲಿದ್ದ ಕಡೆ ಒಂದು ಗುಂಡನೆಯ ಕಲೆ ಉಳಿಯಿತು. ಮತ್ತೊಂದು ಬರೆಯಲು ಗಂಟೆಯೊಂದು ಸಾಕಾಗುತ್ತಿತ್ತು. ಮಲಗಿಬಿಟ್ಟೆ. ಸಂಜೆ ಅನಂತಯ್ಯನವರಿಗೆ ಹೇಳೋಣವೆಂದು ಪರದೆಯ ಹಿಂದೆ ಹೋದರೆ, ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೆ ಮುಖಮಾಡಿ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ನಡುವೆ ತೊಂದರೆ ಕೊಡಬಾರದೆಂದು ಹಿಂದಿರುಗಿದೆ. ನನ್ನ ಸೋಮಾರಿತನಕ್ಕೆ ಹೀಗೆ ಆಗಾಗ ಸಭ್ಯತೆ ಎಂದು ಹೆಸರಿಡುವ ಅಭ್ಯಾಸ ನನಗಿದೆ.

ಕಂತು ನಡೆಯಿತು. ಅಸುರ ನದಿಗಿಳಿದ, ಮುಳುಗಿದ, ಎದ್ದ, ಕೊಂಬು ಬಿತ್ತು. ನಾನು ನೇರವಾಗಿ ಅಜ್ಜಿ ತಬ್ಬಿಕೊಂಡ ಚಿತ್ರವನ್ನು ಹಾಕಿದೆ. ಪರದೆಯ ಹಿಂದಿನಿಂದ ಮಾತೇ ಬರಲಿಲ್ಲ. ದಾರ ಎಳೆದೆ, ಬಾಯಿ ತೆರೆಯಿತು, ಬಿಟ್ಟೆ, ಮುಚ್ಚಿತು. ಕೊನೆಗೆ ‘ಅಜ್ಜೀ...’ ಎಂಬ ಒಂದು ಮಾತು ಕೇಳಿಸಿತು. ಅಸುರನ ದನಿಯಲ್ಲ, ದೋಸೆ ಹಾಕಲೇ ಎಂದು ಕೇಳುವ ದನಿ. ಶ್ರೀನಿವಾಸರಾಯರು ಚಪ್ಪಾಳೆ ತಟ್ಟಿದರು, ಯಾರೋ ದೀಪ ಹಾಕಿದರು. ಮಕ್ಕಳು ಮಾತ್ರ ಎದ್ದೇಳಲಿಲ್ಲ. ನಳಿನಿ ನನ್ನತ್ತ ತಿರುಗಿ, ‘ಬಸ್? ಆಟಲುಂಜ್?’ ಎಂದಳು. ಮುಗೀತಾ, ಇಷ್ಟೇನಾ, ಎಂದು. ನಾಲ್ಕು ತಿಂಗಳಿನಿಂದ ಕನ್ನಡದಲ್ಲಿ ಬೈಯುತ್ತಿದ್ದವಳು ಗುಜರಾತಿಗೆ ಮರಳಿದಳು. ‘ಅವನು ಕರೂನ ವಾಪಸ್ಸೇ ಕೊಡಲಿಲ್ಲ’ ಎಂದು ಇನ್ನೊಂದು ಮಗು ಅಳತೊಡಗಿತು. ಕರು ನನಗೆ ಮರೆತೇ ಹೋಗಿತ್ತು.

ಎಲ್ಲರೂ ಉಪ್ಪಿಟ್ಟಿನ ಕಡೆ ಹೋದ ಮೇಲೆ ಪರದೆ ಬಿಚ್ಚಲು ಹೋದೆ. ಅನಂತಯ್ಯ ನೆಲದ ಮೇಲೆ ಕೂತಿದ್ದರು.

‘ಬಾಗಿಲಿದ್ದು ಚಿತ್ರ ಎಲ್ಲಿ ರಾಯರೇ?’

ಕಾಫಿಯ ಕಲೆಯ ವಿಷಯ ಹೇಳಿದೆ. ‘ಒಂದು ಚಿತ್ರ ತಾನೇ, ಯಾರಿಗೂ ಗೊತ್ತಾಗಲಿಲ್ಲ’ ಎಂದು ನಕ್ಕೆ.

‘ನನ್ನ ತಮ್ಮ ಬಂದಿದ್ದ’ ಎಂದರು. ‘ಹಿಂದಿನ ಸಾಲಲ್ಲಿ ಇದ್ದ. ಹೋದ, ರೈಲಿಗೆ ಹೊತ್ತಾಯ್ತು ಅಂತ.’

ಅವರಿಗೊಬ್ಬ ತಮ್ಮನಿದ್ದಾನೆಂದೇ ನನಗೆ ತಿಳಿದಿರಲಿಲ್ಲ. ಅವನ ಹೆಸರು ಸದಾಶಿವ. ಅಣ್ಣತಮ್ಮಂದಿರು ಸೂರತ್ತಿಗೆ ಜೊತೆಯಲ್ಲೇ ಬಂದವರು. ಅಲ್ಲಿ ಸದಾಶಿವ ಒಬ್ಬ ಗುಜರಾತಿ ಹುಡುಗಿಯನ್ನು ಮದುವೆಯಾದ. ಅಣ್ಣ ಮಾತು ಬಿಟ್ಟು ಅಹಮದಾಬಾದಿಗೆ ಬಂದರು. ಮರುವರ್ಷ ಊರಿನಿಂದ ಅನಂತಯ್ಯನವರಿಗೆ ತಂತಿ ಬಂತು: ಅಮ್ಮನಿಗೆ ಕಾಯಿಲೆ, ಇಬ್ಬರೂ ಹೊರಟು ಬನ್ನಿ. ಅವರು ತಮ್ಮನಿಗೆ ತಿಳಿಸದೆ ಒಬ್ಬರೇ ಹೋದರು. ಸಾಯುವ ಮೊದಲು ಐದು ದಿನ ಆ ತಾಯಿ ಸಣ್ಣ ಮಗನನ್ನು ಕೇಳಿದಳು. ‘ರಜೆ ಸಿಗ್ಲಿಲ್ಲ ಅಮ್ಮ, ಅಂದೆ. ಐದು ದಿನವೂ ಅದೇ ಅಂದೆ’ ಎಂದರು. ಆರು ವರ್ಷದ ಮೇಲೆ ಮೊದಲ ಸಲ ತಮ್ಮನಿಗೆ ಕಾರ್ಡು ಬರೆದು, ನಾನು ಅಸುರನ ಮಾತು ಹೇಳುತ್ತೇನೆ, ಬಂದು ಕೇಳು ಎಂದಿದ್ದರು. ಎದುರು ನಿಂತು ಹೇಳಲು ಬಾಯಿ ಬಾರದವರಿಗೆ ಒಂದು ಹೊದಿಕೆ ಅಡ್ಡವಿದ್ದರೆ ಹೇಳಬಹುದು ಅನ್ನಿಸಿತ್ತು.

ಮುಂದಿನ ವಾರವೇ ಸೂರತ್ತಿಗೆ ಹೋಗೋಣವೆಂದು ನಾನೇ ಹೊರಡಿಸಿದೆ. ತಪ್ಪು ಮಾಡಿದವನಿಗೆ ಬರುವ ಉತ್ಸಾಹ ದೊಡ್ಡದು. ಸರೋಜ ಚಿತ್ರಾನ್ನ ಕಟ್ಟಿಕೊಟ್ಟಳು. ವಡೋದರಾದಲ್ಲಿ ಗಾಡಿ ನಿಂತಾಗ ಚಹಾ ಕುಡಿಯುತ್ತೇನೆಂದು ಇಳಿದ ಅನಂತಯ್ಯ ಚೀಲವನ್ನೂ ಹಿಡಿದುಕೊಂಡು ಇಳಿದಿದ್ದರು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಅಹಮದಾಬಾದಿನ ಗಾಡಿ ನಿಂತಿತ್ತು. ಅದನ್ನೇ ನೋಡುತ್ತಿದ್ದವರನ್ನು ತೋಳು ಹಿಡಿದು ನಮ್ಮ ಗಾಡಿಗೆ ಹತ್ತಿಸಿದೆ.

ಸದಾಶಿವನ ಮನೆ ಉಧ್ನಾದಲ್ಲಿ, ಮಗ್ಗಗಳ ಶೆಡ್ಡುಗಳ ಹಿಂದೆ. ಭಾನುವಾರವೂ ಮಗ್ಗಗಳು ಬಡಿಯುತ್ತಿದ್ದವು. ಅನಂತಯ್ಯ ಬಾಗಿಲು ತಟ್ಟಲು ಕೈಯೆತ್ತುವುದರೊಳಗೆ ಅದು ತೆರೆಯಿತು. ಸದಾಶಿವನ ಹೆಂಡತಿ ಹಂಸಾಬೆನ್ ತಲೆಯ ಮೇಲೆ ಸೆರಗೆಳೆದುಕೊಂಡು, ‘ಆವೋ ಮೋಟಾಭಾಯಿ, ಬೇಸೋ’ ಎಂದಳು, ಬನ್ನಿ ಅಣ್ಣಯ್ಯ, ಕೂತುಕೊಳ್ಳಿ ಎಂದು. ಸದಾಶಿವ ಬಂದ, ನಮಸ್ಕಾರ ಮಾಡಿದ, ಫ್ಯಾನು ನಮ್ಮ ಕಡೆ ತಿರುಗಿಸಿದ. ಹೋಟೆಲು ಹೇಗೆ ನಡೆಯುತ್ತಿದೆ, ಅಹಮದಾಬಾದಿನಲ್ಲಿ ಸೆಕೆ ಹೇಗೆ ಎಂದು ಕೇಳಿದ. ಅಣ್ಣ ‘ಸದಾ, ಅಮ್ಮನ ವಿಷಯ...’ ಎಂದಾಗಲೆಲ್ಲ, ‘ಅದೆಲ್ಲ ಬಿಡಣ್ಣಯ್ಯ, ಹಳೇದು. ಚಹಾ ಆರ್ತದೆ’ ಎನ್ನುತ್ತಿದ್ದ.

ಮೂರನೆಯ ಸಲವೂ ಹಾಗೆಯೇ ಅಂದವನು, ಲೋಟ ಕೆಳಗಿಟ್ಟು ಹೇಳಿದ: ‘ಮೊನ್ನೆ ಬಂದೆನಲ್ಲ, ನೋಡಿದೆನಲ್ಲ. ಎಷ್ಟು ಕೆಟ್ಟದ್ದು ಮಾಡಿದ್ರೂ ಒಂದು ಮುಳುಗು ಹಾಕಿದ್ರೆ ಆಯ್ತು. ಅದನ್ನು ತೋರ್ಸ್‌ಲಿಕ್ಕೇ ಕರೆದದ್ದು ಅಂತ ಅರ್ಥ ಆಯ್ತು ನನಗೆ. ಮತ್ತೆ ಎಂತಕ್ಕೆ ಆ ಮಾತು?’

‘ಅದು ನನ್ನ ತಪ್ಪು, ನಡುವೆ ಒಂದು ಚಿತ್ರವಿತ್ತು, ನಾನು ಬಿಟ್ಟುಬಿಟ್ಟೆ’ ಎಂದು ತಡವರಿಸಿದೆ. ‘ಹೌದಾ’ ಎಂದ, ಅಷ್ಟೇ. ಇಲ್ಲದ ಚಿತ್ರವೊಂದನ್ನು ಯಾರು ತಾನೇ ನಂಬುತ್ತಾರೆ?

ಆಗ ಅನಂತಯ್ಯ ಎದ್ದು ನಿಂತರು. ಮಗ್ಗಗಳ ಸದ್ದಿನಲ್ಲಿ ಕೇಳಿಸಬೇಕೆಂದೋ ಏನೋ, ಪರದೆಯ ಹಿಂದಿನ ಆ ದನಿಯಲ್ಲಿ ಹೇಳಿದರು: ‘ತಂತಿ ನಿನಗೂ ಬಂದದ್ದು. ನಾನು ಹೇಳ್ಲಿಲ್ಲ. ಅಮ್ಮ ಐದು ದಿನ ನಿನ್ನನ್ನು ಕೇಳಿದ್ಲು. ರಜೆ ಸಿಗ್ಲಿಲ್ಲ ಅಂತ ಸುಳ್ಳು ಹೇಳಿದೆ. ಅವಳು ನಂಬಿದ್ಲು. ನಂಬಿಯೇ ಹೋದ್ಲು.’

ಅಮ್ಮ ತನ್ನನ್ನು ಕೇಳಿದ್ದಳೆಂಬುದು ಸದಾಶಿವನಿಗೆ ತಿಳಿದಿರಲಿಲ್ಲ. ಎದ್ದು ಹಿತ್ತಿಲಿಗೆ ಹೋದ. ನಾವು ಎರಡು ಗಂಟೆ ಕೂತೆವು. ಅವನು ಒಳಗೆ ಬರಲಿಲ್ಲ. ಗಾಡಿಯ ಹೊತ್ತಾದಾಗ ಹಂಸಾಬೆನ್ ಢೋಕ್ಳಾ ಕಟ್ಟಿಕೊಟ್ಟು ಬೀದಿಯ ತಿರುವಿನವರೆಗೆ ಬಂದಳು. ಅನಂತಯ್ಯ ದಾರಿಯುದ್ದಕ್ಕೂ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು, ಬಿಚ್ಚಲಿಲ್ಲ.

ಆಮೇಲೆ ಅವರು ತಿಂಗಳಿಗೊಂದು ಕಾರ್ಡು ಬರೆಯತೊಡಗಿದರು. ಉತ್ತರ ಬರುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹಂಸಾಬೆನ್ನಳದೊಂದು ಗುಜರಾತಿ ಕಾಗದ ಬಂತು. ಅಕ್ಷರ ಓದಲು ಬಾರದೆ ಅನಂತಯ್ಯ ಅದನ್ನು ನಮ್ಮ ಮನೆಗೆ ತಂದರು. ನಳಿನಿ ಬೆರಳಿಟ್ಟು ಓದಿ, ತಡೆತಡೆದು ಕನ್ನಡದಲ್ಲಿ ಹೇಳಿದಳು: ‘ಅವರು ನಿಮ್ಮ ಕಾರ್ಡು ಓದಲ್ಲ. ಬಿಸಾಕೋದೂ ಇಲ್ಲ.’ ಅನಂತಯ್ಯ ಅದನ್ನು ಇನ್ನೊಮ್ಮೆ ಓದಿಸಿಕೊಂಡು, ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಇಷ್ಟಾದ ಮೇಲೆ ನಾನೂ ಅವರಲ್ಲಿ ಒಂದು ಮಾತು ಕ್ಷಮೆ ಕೇಳಬೇಕಿತ್ತು. ಸದಾಶಿವನ ಮುಂದೆ ತಡವರಿಸಿದ್ದೇನೋ ಹೌದು. ಅನಂತಯ್ಯನವರಿಗೇ ಎಂದು ಹೇಳಿದ್ದು ಇವತ್ತಿಗೂ ಇಲ್ಲ. ಒಂದು ಬೆಳಗ್ಗೆ ಅದಕ್ಕೆಂದೇ ಸ್ನಾನ ಮಾಡಿ ಹೋಟೆಲಿಗೆ ಹೋದೆ. ‘ಅನಂತಯ್ಯನವರೇ, ನಿಮ್ಮ ಹತ್ತಿರ ಒಂದು ಮಾತು’ ಎಂದೆ. ‘ಮೊದ್ಲು ತಿಂಡಿ, ಆಮೇಲೆ ಮಾತು’ ಎಂದು ಅವರು ಎರಡು ಇಡ್ಲಿ ತಂದಿಟ್ಟು, ಎದುರಿಗೇ ಕೂತು, ಹೇಳಿ ಎನ್ನುವಂತೆ ನನ್ನ ಮುಖ ನೋಡಿದರು. ಅಂಥ ಅನುಕೂಲ ಯಾವ ಅಸುರನಿಗೂ ಸಿಕ್ಕಿರಲಾರದು. ನಾನು ಎರಡೂ ಇಡ್ಲಿ ತಿಂದೆ. ‘ಚಟ್ನಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿದೆ’ ಎಂದೆ. ಕೈ ತೊಳೆದುಕೊಂಡು ಮನೆಗೆ ಬಂದೆ.